ಹಿಂಬದಿಯ ತಗಡು

"ಅಷ್ಟು ಒತ್ತಬೇಡಿ ಯಜಮಾನ್ರೇ, ಅದು ಎಲ್ಲರಿಗೂ ತೋರಿಸೋಕೆ ಇಟ್ಟಿರೋ ಪೀಸು," ಎಂದ ಅಂಗಡಿಯವನು.

ಮೇಸ್ತ್ರಿ ಆ ಮಾತನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಕಂಪ್ಯೂಟರ್ ಕ್ಯಾಬಿನೆಟ್ಟಿನ ಪಕ್ಕೆಗೆ ಹೆಬ್ಬೆರಳು ಊರಿ, ತಗಡು ಎಷ್ಟು ಒಳಗೆ ಹೋಗುತ್ತದೆ, ಬಿಟ್ಟರೆ ಎಷ್ಟು ಬೇಗ ವಾಪಸು ಬರುತ್ತದೆ ಎಂದು ನೋಡಿದ. ಆಮೇಲೆ ಬೆರಳಿನ ಗೆಣ್ಣಿನಿಂದ ಎರಡು ಸಲ ಬಡಿದು ಕಿವಿಗೊಟ್ಟ. ಮೂವತ್ತೊಂದು ವರ್ಷ ತಗಡು ಒತ್ತುವ ಕಾರ್ಖಾನೆಯಲ್ಲಿ ದುಡಿದು, ಮೇಸ್ತ್ರಿಯೂ ಆಗಿ, ಎರಡು ವರ್ಷದ ಹಿಂದೆ ನಿವೃತ್ತನಾದವನು. ಮನೆಯ ಬೀರು ಆಗಲಿ, ಬಸ್ಸಿನ ಬಾಗಿಲಾಗಲಿ, ಅವನ ಕೈ ಮೊದಲು ಹೋಗುತ್ತಿದ್ದುದು ಅಂಚಿಗೆ.

"ಹೇಗಿದೆ ಅಪ್ಪ?" ಎಂದಳು ಮಗಳು.

"ಶೀಟು ಸ್ವಲ್ಪ ತೆಳು. ಆದ್ರೆ ಅಂಚಿನ ಮಡಿಕೆ ಚೆನ್ನಾಗಿ ಕೊಟ್ಟಿದಾರೆ, ಬಿಗಿ ಇದೆ. ಫ್ಯಾನು ತಿರುಗಿದ್ರೆ ಗಡಗಡ ಅನ್ನಲ್ಲ."

ಮಗಳು ಮನೆಯಲ್ಲೇ ಕೂತು ಕಟ್ಟಡಗಳ ಚಿತ್ರ ಮಾಡಿಕೊಡುವವಳು. ಇನ್ನೂ ಪಾಯ ತೋಡದ ಮನೆಗೆ ಬಾಗಿಲು, ಕಿಟಕಿ, ಕಿಟಕಿಯಿಂದ ನೆಲಕ್ಕೆ ಬೀಳುವ ಬಿಸಿಲು ಎಲ್ಲವನ್ನೂ ಇಟ್ಟು ತೋರಿಸಬೇಕು. ಅವಳ ಹಳೆಯ ಕಂಪ್ಯೂಟರು ಕಾದು ಕಾದು ಅರ್ಧ ಕೆಲಸದಲ್ಲೇ ಕಣ್ಣು ಮುಚ್ಚುತ್ತಿತ್ತು. ಹೊಸದನ್ನು ತಾನೇ ಜೋಡಿಸುವುದೆಂದು ಒಂದೊಂದೇ ಭಾಗ ತಂದಿಟ್ಟುಕೊಂಡಿದ್ದಳು. ಉಳಿದಿದ್ದುದು ಅವನ್ನೆಲ್ಲ ಕೂರಿಸುವ ಈ ಕ್ಯಾಬಿನೆಟ್ ಒಂದೇ. "ತಗಡಿನ ವಿಷಯ ನಿನಗಿಂತ ಚೆನ್ನಾಗಿ ಗೊತ್ತಿರೋರು ಯಾರಿದಾರೆ, ಬಾ," ಎಂದು ಅಪ್ಪನನ್ನು ಹೊರಡಿಸಿದ್ದಳು. ನಿವೃತ್ತನಾದ ಮೇಲೆ ಯಾರೂ ಅವನನ್ನು ಏನನ್ನೂ ಕೇಳಿರಲಿಲ್ಲ. ಮೇಸ್ತ್ರಿ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದಿದ್ದ.

ಅಗ್ಗದ್ದೊಂದನ್ನು ಅವನು ಆಗಲೇ ಬೇಡವೆಂದಿದ್ದ. ಒಳಗಿನ ಅಂಚೆಲ್ಲ ಮುಳ್ಳುಮುಳ್ಳು, ಕೈ ಹಾಕಿದರೆ ಕುಯ್ಯುತ್ತದೆ. ನಾಲ್ಕೂ ಕಡೆ ಗಾಜಿದ್ದ ದುಬಾರಿಯದನ್ನು ಮಗಳೇ ತಳ್ಳಿಹಾಕಿದ್ದಳು.

"ಒಳಗಿನ ಲೈಟೆಲ್ಲ ಹಾಕಿದ್ರೆ ಹೇಗೆ ಮಿಂಚುತ್ತೆ ಗೊತ್ತಾ ಮೇಡಂ!" ಎಂದಿದ್ದ ಅಂಗಡಿಯವನು.

"ನನಗೆ ಕಂಪ್ಯೂಟರ್ ಬೇಕು, ಸರ್ಕಸ್ ಡೇರೆ ಅಲ್ಲ. ಗಾಳಿ ಎಲ್ಲಿಂದ ಹೋಗುತ್ತೆ ಇದರೊಳಗೆ?"

ಈ ನಡುವಿನ ಬೆಲೆಯದರ ಮುಂಬದಿಗೆ ಪೂರ್ತಿ ಜಾಲರಿ ಇತ್ತು. ಮಗಳು ಟೇಪು ಹಿಡಿದು ಒಳಗೆ ತಲೆ ತೂರಿಸಿದಳು. ಗ್ರಾಫಿಕ್ಸ್ ಕಾರ್ಡು ಕೂತ ಮೇಲೂ ಎರಡು ಬೆರಳು ಜಾಗ ಉಳಿಯುತ್ತದೆ. ಫ್ಯಾನು ಕೊಟ್ಟಿರುವುದು ಒಂದೇ, ಇನ್ನೆರಡು ತಾನು ಹಾಕಿಕೊಳ್ಳಬೇಕು. ಹಿಂದುಗಡೆ ವೈರು ಮಡಚಿಡುವ ಜಾಗ ಇಕ್ಕಟ್ಟು. ಧೂಳು ತಡೆಯುವ ಬಲೆ ಮಾತ್ರ ಎಳೆದರೆ ಸಲೀಸಾಗಿ ಬರುತ್ತದೆ, ತೊಳೆಯಬಹುದು. ಇದನ್ನೆಲ್ಲ ಗೊಣಗುತ್ತ ಚೀಟಿಯಲ್ಲಿ ಗುರುತು ಹಾಕಿಕೊಂಡಳು.

ಮೇಸ್ತ್ರಿ ಕ್ಯಾಬಿನೆಟ್ಟನ್ನು ತಿರುಗಿಸಿ ಹಿಂಬದಿಯ ತಗಡಿನ ಒಳಮೈಗೆ ಹೆಬ್ಬೆರಳು ಸವರಿದ. ವೈರು ಚುಚ್ಚುವ ಕಿಂಡಿಗಳಿಗೆಂದು ಕೊರೆದ ಚೌಕದ ಪಕ್ಕದಲ್ಲಿ ಬೆರಳು ನಿಂತಿತು. ಸಾಸಿವೆ ಕಾಳಿನಷ್ಟು ಒಂದು ಗುಳ್ಳೆ. ಅವನು ಬೆರಳು ಎತ್ತಿದ. ಮತ್ತೆ ಇಟ್ಟು ನೋಡಿದ. ಮೂಲೆಯಿಂದ ಅರ್ಧ ಗೇಣು, ಮಡಿಕೆಯಿಂದ ಎರಡು ಬೆರಳು. ಕಣ್ಣು ಕಟ್ಟಿ ಕೇಳಿದ್ದರೂ ಜಾಗ ಹೇಳುತ್ತಿದ್ದ.

ಅಲ್ಲೇ ಇದ್ದ ರಟ್ಟಿನ ಪೆಟ್ಟಿಗೆಯ ಮೇಲೆ ಕೂತುಬಿಟ್ಟ.

"ಏನಾಯ್ತಪ್ಪ?"

"ಏನಿಲ್ಲ. ಸೆಖೆ."

"ತಗೊಳ್ಳೋದಾ, ಬೇಡ್ವಾ?"

"ತಗೋ. ಒಳ್ಳೇದಿದೆ," ಎಂದ. ಸುಳ್ಳೇನಲ್ಲ, ಆ ದರ್ಜೆಗೆ ಅದು ಒಳ್ಳೆಯದೇ ಇತ್ತು.

ಮಧ್ಯಾಹ್ನ ಮಗಳು ಕ್ಯಾಬಿನೆಟ್ಟನ್ನು ಮೇಜಿನ ಮೇಲೆ ಮಲಗಿಸಿ ಜೋಡಿಸಲು ನಿಂತಳು. ಮೇಸ್ತ್ರಿ ತಿರುಪುಗಳ ಬಟ್ಟಲು ಹಿಡಿದು ಪಕ್ಕದಲ್ಲಿದ್ದ. ಮದರ್‌ಬೋರ್ಡಿನ ಜೊತೆ ಬಂದ ಪುಟ್ಟ ತಗಡೊಂದನ್ನು ಮೊದಲು ಹಿಂಬದಿಯ ಚೌಕಕ್ಕೆ ಒಳಗಿನಿಂದ ಕೂರಿಸಬೇಕು. ಮೂರು ಮೂಲೆ ಟಕ್ಕೆಂದು ಕೂತವು, ನಾಲ್ಕನೆಯದು ಕೂರಲಿಲ್ಲ. ಅವಳು ಬಗ್ಗಿ ನೋಡಿದಳು.

"ಇಲ್ಲೊಂದು ಗುಳ್ಳೆ ಇದೆ ನೋಡು. ಅಡ್ಡ ಬರ್ತಿದೆ. ನೀನು ಸವರಿದ್ಯಲ್ಲ, ಗೊತ್ತಾಗ್ಲಿಲ್ವಾ? ನಿನ್ನ ಅರ ತಗೊಂಡು ಒಂಚೂರು ಉಜ್ಜಿಬಿಡು."

ಮೇಸ್ತ್ರಿ ಒಳಗೆ ಹೋಗಿ ಅರ ತಂದ. ಗುಳ್ಳೆಯ ಮೇಲೆ ಅದನ್ನು ಇಟ್ಟ. ಕೈ ಅಲ್ಲೇ ನಿಂತಿತು.

"ಅಪ್ಪ?"

"ಇದು ನಮ್ಮ ಕಾರ್ಖಾನೇದು," ಎಂದ. "ಹೆಸರು ಯಾವ ಕಂಪನೀದಾದ್ರೂ ಇರ್ಲಿ, ಹಿಂಬದಿ ತಗಡು ನಮ್ಮ ನಾಲ್ಕನೇ ಪ್ರೆಸ್ಸಿಂದು. ಗುಬ್ಬಿ ಕೂರ್ತಿದ್ದ ಪ್ರೆಸ್ಸು."

ಗುಬ್ಬಿ ಎಂದರೆ ಆಗ ಇಪ್ಪತ್ತೆರಡರ ಹುಡುಗಿ. ಗಾತ್ರಕ್ಕೂ ಮಾತಿಗೂ ಸೇರಿಸಿ ಎಲ್ಲರೂ ಹಾಗೆ ಕರೆಯುತ್ತಿದ್ದರು. ಆರು ವರ್ಷದ ಹಿಂದಿನ ಮಾತು. ಮಾಲು ಕಳಿಸುವುದು ತಡವಾಗಿತ್ತು, ಕಾರ್ಖಾನೆಯ ಸಾಹುಕಾರ ಮೈಗೆ ಬೆಂಕಿ ಬಿದ್ದವನಂತೆ ಓಡಾಡುತ್ತಿದ್ದ. ಪ್ರೆಸ್ಸಿನ ಮುಂದೊಂದು ಜಾಲರಿ ಗೇಟು. ಅದು ಮುಚ್ಚಿದರೆ ಸ್ವಿಚ್ಚು ಒತ್ತಿಕೊಂಡು, ಆಗ ಮಾತ್ರ ಮೇಲಿನ ಡೈ, ಅಂದರೆ ಉಕ್ಕಿನ ಅಚ್ಚು, ಕೆಳಗಿಳಿದು ತಗಡಿಗೆ ಆಕಾರ ಕೊಡಬೇಕು. ಪ್ರತಿ ತಗಡಿಗೂ ಗೇಟು ತೆಗೆದು ಹಾಕಲು ಮೂರು ಸೆಕೆಂಡು. ಆ ಮೂರು ಸೆಕೆಂಡು ಉಳಿಸಲೆಂದು ಮೇಸ್ತ್ರಿ ಬೆಳಿಗ್ಗೆ ಕೆಲಸ ಶುರುವಾಗುವ ಮುಂಚೆ ಗೇಟು ತೆರೆದಿದ್ದರೂ ಪ್ರೆಸ್ಸು ನಡೆಯುವಂತೆ ಸ್ವಿಚ್ಚನ್ನು ಒತ್ತಿಹಿಡಿದು ತಂತಿ ಬಿಗಿದಿದ್ದ. ಹನ್ನೊಂದು ಗಂಟೆಗೆ ಡೈ ಗುಬ್ಬಿಯ ಬಲಗೈ ಮೇಲೆ ಇಳಿಯಿತು. ಕೈಯಲ್ಲಿ ಸ್ಟೀಲಿನ ಗಡಿಯಾರ ಇತ್ತು. ಅದು ತಗುಲಿ ಡೈಯ ಮೈಯಲ್ಲಿ ಒಂದು ಚಕ್ಕೆ ಹಾರಿ ಸಾಸಿವೆಯಷ್ಟು ಕುಳಿ ಬಿತ್ತು. ಒಳಮೈ ತಾನೇ, ಯಾರು ನೋಡುತ್ತಾರೆ ಎಂದು ಸಾಹುಕಾರ ಡೈ ಬದಲಾಯಿಸಲಿಲ್ಲ. ಅಂದಿನಿಂದ ಒತ್ತಿದ ತಗಡಿಗೆಲ್ಲ ಈ ಗುಳ್ಳೆ.

"ತಂತಿ ಯಾರು ಕಟ್ಟಿದ್ದು ಅಂತ ವಿಚಾರಣೆಯವರು ಕೇಳಿದ್ರು," ಎಂದ ಮೇಸ್ತ್ರಿ. "ಅವಳೇ ಕಟ್ಕೊಂಡಿದ್ದಳು, ನಾನು ನೋಡ್ಲಿಲ್ಲ ಅಂದೆ. ಕಾರ್ಖಾನೆ ಮುಚ್ಚಿದ್ರೆ ನಲವತ್ತು ಮನೆ ಒಲೆ ಆರುತ್ತೆ ಅಂದ ಸಾಹುಕಾರ. ನಿಜ ಹೇಳ್ಬೇಕಂದ್ರೆ ನಾನು ನಲವತ್ತು ಮನೆ ಲೆಕ್ಕ ಹಾಕ್ಲಿಲ್ಲ. ಜೈಲಿಗೆ ಹೆದರಿದೆ."

ಮಗಳು ತಿರುಪುಳಿಯನ್ನು ಮೇಜಿನ ಮೇಲಿಟ್ಟಳು.

"ಆವತ್ತು ನನಗೇನು ಹೇಳಿದ್ದೆ ನೆನಪಿದ್ಯಾ? ಯಾರೋ ಹುಡುಗಿ ಮೈಮರೆತು ಕೈ ಕಳ್ಕೊಂಡ್ಲು ಅಂದೆ. ಕೆಲಸ ಮಾಡೋವಾಗ ಗಮನ ಇರ್ಬೇಕು ಅಂತ ಊಟಕ್ಕೆ ಕೂತಾಗ ನನಗೆ ಬುದ್ಧಿ ಹೇಳಿದೆ. ನಾನು ಅದನ್ನ ಎಷ್ಟು ಜನಕ್ಕೆ ಹೇಳಿದೀನಿ ಗೊತ್ತಾ? ಗಮನ ಇಲ್ದಿದ್ರೆ ಹೀಗಾಗುತ್ತೆ ಅಂತ."

ಅವಳು ಅರವನ್ನು ಅವನ ಕೈಯಿಂದ ತೆಗೆದುಕೊಂಡು ತಾನೇ ಉಜ್ಜಿದಳು. ಕರ್ರ್ ಕರ್ರ್ ಎಂಬ ಸದ್ದು ಕೋಣೆಯಲ್ಲಿ ಬಹಳ ಹೊತ್ತು ನಡೆದಂತೆ ಮೇಸ್ತ್ರಿಗೆ ಅನ್ನಿಸಿತು. ಉಜ್ಜಿದ ಪುಡಿಯನ್ನು ಊದಿ, ಪುಟ್ಟ ತಗಡನ್ನು ಒತ್ತಿದಳು. ಟಕ್ಕೆಂದು ಕೂತಿತು.

"ಇದನ್ನ ಹೇಳ್ಬೇಕಾಗಿದ್ದು ನನಗಲ್ಲ," ಎಂದಳು, ಮುಖ ನೋಡದೆ.

ಗುಬ್ಬಿಯ ಬೀದಿ ಮೇಸ್ತ್ರಿಗೆ ಗೊತ್ತಿತ್ತು. ಆರು ವರ್ಷದಿಂದ ಆ ಬೀದಿ ತಪ್ಪಿಸಿ ಎರಡು ಬೀದಿ ಸುತ್ತಿಕೊಂಡು ಓಡಾಡಿದ್ದ. ಮಾರನೆಯ ಬೆಳಿಗ್ಗೆ ನೇರವಾಗಿ ಹೋದ. ಸಾಲುಮನೆಗಳ ಕೊನೆಯಲ್ಲಿ, ನಲ್ಲಿಯ ಹತ್ತಿರ ಅವಳು ಬಟ್ಟೆ ತೊಳೆಯುತ್ತಿದ್ದಳು. ತಲೆಯೆತ್ತಿ ನೋಡಿ, ಗುರುತು ಹಿಡಿದು ನಕ್ಕಳು.

"ಅಯ್ಯೋ ಮೇಸ್ತ್ರಿ! ಬನ್ನಿ, ಬನ್ನಿ. ಎಷ್ಟು ಸಣ್ಣಗಾಗಿದೀರ!" ಒಳಗಿನಿಂದ ಎಡಗೈಯಲ್ಲಿ ಸ್ಟೂಲು ತಂದು ನೆರಳಿಗೆ ಇಟ್ಟಳು. "ಆವತ್ತು ನೀವೇ ಎತ್ಕೊಂಡು ಆಸ್ಪತ್ರೆಗೆ ಓಡಿದ್ರಂತೆ. ಒಂದು ಒಳ್ಳೇ ಮಾತು ಹೇಳೋಕೂ ನಾನು ಬರ್ಲಿಲ್ಲ. ಬೇಜಾರು ಮಾಡ್ಕೋಬೇಡಿ."

ಮೇಸ್ತ್ರಿ ಕೂರಲಿಲ್ಲ. ಕೂತರೆ ಹೇಳಲಾಗುವುದಿಲ್ಲ ಎನ್ನಿಸಿತು. ನಿಂತಲ್ಲೇ, ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಮಾತನ್ನೆಲ್ಲ ಮರೆತು, ತಂತಿ ಕಟ್ಟಿದವನು ನಾನು ಎಂದ. ವಿಚಾರಣೆಯ ಕಾಗದದಲ್ಲಿ ಬರೆಸಿದ್ದು ಸುಳ್ಳು ಎಂದ.

ಗುಬ್ಬಿ ಬಕೆಟ್ಟಿನ ನೀರು ನೋಡುತ್ತ ನಿಂತಳು. ಅವಳು ಕಿರುಚಬಹುದು, ಬೀದಿಯವರನ್ನು ಕರೆಯಬಹುದು ಎಂದು ಅವನು ಸಿದ್ಧನಾಗಿ ಬಂದಿದ್ದ.

"ನನಗೆ ಆವತ್ತಿಂದು ಏನೂ ನೆನಪಿಲ್ಲ," ಎಂದಳು ಕೊನೆಗೆ. "ಮನೆ ಬಿಟ್ಟಿದ್ದು ನೆನಪಿದೆ. ಆಮೇಲೆ ಆಸ್ಪತ್ರೆ. ಮಧ್ಯದ್ದೆಲ್ಲ ನೀವು ಬರೆಸಿದ ಕಾಗದದಿಂದ ತಿಳ್ಕೊಂಡಿದ್ದು. ಹಿಂದೆ ಒಂದೆರಡು ಸಲ ನಾನು ಕಟ್ಟಿದ್ದೆ, ಬೇಗ ಮುಗೀಲಿ ಅಂತ. ಅದಕ್ಕೇ ನಂಬಿದೆ. ನಾನೇ ಕಟ್ಟಿದ್ದು, ನಾನೇ ಕೈ ಹಾಕಿದ್ದು ಅಂತ."

"ನೀನು ಕಟ್ಟಿರಲಿಲ್ಲಮ್ಮ."

"ಕನಸಲ್ಲೂ ನಾನೇ ಕಟ್ತೀನಿ ಮೇಸ್ತ್ರಿ. ತಂತಿ ಯಾವ ಬಣ್ಣ ಅಂತಾನೂ ಕಾಣುತ್ತೆ." ಬಕೆಟ್ಟನ್ನು ಕಾಲಲ್ಲೇ ನಲ್ಲಿಯ ಹತ್ತಿರಕ್ಕೆ ತಳ್ಳಿದಳು. "ಅಮ್ಮ ಹೋಗಿ ಒಂದು ವರ್ಷ ಆಯ್ತು. ಕೊನೇವರೆಗೂ ಅದೊಂದೇ ಮಾತು. ನಿನ್ನ ಕೈಯಾರೆ ನೀನೇ ಮಾಡ್ಕೊಂಡ್ಯಲ್ಲೇ ಅಂತ."

"ಬರೆದು ಕೊಡ್ತೀನಿ. ಯಾವ ಆಫೀಸಿಗೆ ಬೇಕಾದ್ರೂ ಬಂದು ಹೇಳ್ತೀನಿ."

"ಅಮ್ಮನಿಗೆ ಹೇಳ್ತೀರಾ?"

ಅವಳು ಉತ್ತರಕ್ಕೆ ಕಾಯಲಿಲ್ಲ. ಬಕೆಟ್ಟಿನಿಂದ ಹಾಸಿಗೆಯ ಹೊದಿಕೆಯೊಂದನ್ನು ಎತ್ತಿ, ಅದರ ನಡುವನ್ನು ನಲ್ಲಿಯ ಕೊರಳಿಗೆ ಸುತ್ತಿ, ಎರಡು ತುದಿಯನ್ನೂ ಸೇರಿಸಿ ಎಡಗೈಯಲ್ಲಿ ಹಿಡಿದಳು. ಹಿಂಡತೊಡಗಿದಳು. ನೀರು ಧಾರೆಯಾಗಿ ಇಳಿಯಿತು, ಆಮೇಲೆ ಹನಿಹನಿಯಾಯಿತು, ಆಮೇಲೆ ನಿಂತಿತು. ಬಟ್ಟೆ ಹಗ್ಗದಂತೆ ಹುರಿಗೊಂಡು ನಲ್ಲಿ ಕಿರುಗುಟ್ಟುತ್ತಿತ್ತು. ಅವಳು ಅವನ ಕಡೆ ಬೆನ್ನು ಮಾಡಿ, ಒಂದೇ ಕೈಯಲ್ಲಿ, ಇನ್ನೂ ಹಿಂಡುತ್ತಲೇ ಇದ್ದಳು.