ದೊರೆಸಾನಿ ಅಂಗಿಯ ಒಳಹೊಲಿಗೆ

ಸರಗೂರಿನಲ್ಲಿ ಇಪ್ಪತ್ತೆಂಟು ವರ್ಷದಿಂದ ರವಿಕೆ ಹೊಲಿಯುತ್ತಿದ್ದ ಪದ್ಮಶ್ರೀಯ ಮೇಜಿನ ಮೇಲೆ, ಅಂತರಸಂತೆ ಕಡೆಯ ಮುದುಕಿ ಚಿಕ್ಕಬೀರಮ್ಮ ಹಳೆಯ ಬಿಳಿ ನಿಲುವಂಗಿಯೊಂದನ್ನು ಹರವಿದಳು. ಹತ್ತಿಯ ಬಟ್ಟೆ, ಕೆನೆಯ ಬಣ್ಣಕ್ಕೆ ತಿರುಗಿತ್ತು.

"ನಮ್ಮ ಮುತ್ತಜ್ಜಿಯ ಅಜ್ಜಿ, ಯಾರೋ ಇಂಗ್ಲೀಸು ದೊರೆಸಾನಿ ಮನೇಲಿ ಕೂಸು ನೋಡ್ಕತಿದ್ಲಂತೆ. ಆವಮ್ಮ ಕೊಟ್ಟಿದ್ದಂತೆ. ಪೆಟ್ಟಿಗೇಲಿ ಸುಮ್ನೆ ಬಿದ್ದದೆ. ಮರಿಮಗೀಗೆ ಎಸ್ರಿಡೋ ಕಾರ್ಯ ಅದೆ, ಇದ್ನ ಕತ್ರಿಸಿ ಒಂದು ಲಂಗ ಒಲ್ಕೊಡವ್ವ."

ಕತ್ತರಿ ಹಾಕುವ ಮುಂಚೆ ಒಳಮೈ ನೋಡುವುದು ಪದ್ಮಶ್ರೀಯ ರೂಢಿ. ಅಂಗಿಯನ್ನು ತಿರುವಿ ಹಾಕಿದವಳ ಕೈ ನಿಂತುಬಿಟ್ಟಿತು.

ಮಿಷನ್ ಹೊಲಿಗೆಯಾದರೆ ಮೇಲೊಂದು ಕೆಳಗೊಂದು, ಎರಡು ದಾರ ಇರಬೇಕು. ಇದು ಪೂರಾ ಕೈಹೊಲಿಗೆ: ಒಂದೇ ದಾರ, ಮುಂದೆ ಹೋಗಿ ಹಿಂದೆ ಬಂದು, ಕೊರಳಿನಿಂದ ಪಾದದ ಅಂಚಿನವರೆಗೂ ಸಾಸಿವೆಗಿಂತ ಸಣ್ಣ ಸಣ್ಣ ಹೆಜ್ಜೆ ಇಟ್ಟಿತ್ತು. ಜಿಪ್ ಇಲ್ಲ. ಗುಂಡಿಗಳೂ ಪುಟ್ಟ ಉಂಗುರಕ್ಕೆ ನೂಲು ಸುತ್ತಿ ಮಾಡಿದವು. ಇಂಥವನ್ನು ಅವಳು ಮೈಸೂರಿನಲ್ಲಿ ಟೈಲರಿಂಗ್ ಕಲಿಯುವಾಗ ಚಿತ್ರದಲ್ಲಿ ಮಾತ್ರ ನೋಡಿದ್ದಳು.

"ಅಜ್ಜಿ, ಇದು ಹೊಲಿಗೆ ಮಿಷನ್ ಬರೋಕೆ ಮುಂಚಿನದು ಕಣ್ರೀ. ನೂರೈವತ್ತು ವರ್ಷಕ್ಕೆ ಕಮ್ಮಿ ಇಲ್ಲ ಅನ್ಸುತ್ತೆ."

ಕೂತಿದ್ದ ಮುದುಕಿ ಎದ್ದು ಬಂದಳು. ಎದೆಯ ನೆರಿಗೆ ಬಿಡಿಸಿದಾಗ ಒಳಗೆ ಎರಡು ಸೀಳುಗಳು ಕಂಡವು. ಹೊರಗಿನಿಂದ ಯಾರಿಗೂ ಕಾಣದಂಥವು. ಅವುಗಳ ಅಂಚಿಗೆ ಮಾತ್ರ ದಪ್ಪ ದಾರ, ಒರಟು ಹೊಲಿಗೆ. ಚಿಕ್ಕಬೀರಮ್ಮ ಅದರ ಮೇಲೆ ಬೆರಳಾಡಿಸಿದಳು. ಮತ್ತೊಮ್ಮೆ ಆಡಿಸಿದಳು.

"ಇದು ಬ್ಯಾರೆ ಕೈ ಕಣವ್ವ. ಕಂಬಳಿ ಅಂಚು ಕಟ್ಟೋ ಒಲಿಗೆ. ನೋಡಿಲ್ಲಿ, ಮೂರು ಕುಣಿಕೆಗೊಂದು ಗಂಟು. ನಮ್ಮವ್ವ ಇಂಗೇ ಆಕ್ತಿದ್ಲು. ನಾನೂ ಇಂಗೇ ಆಕದು."

ಪದ್ಮಶ್ರೀ ಸೀಳಿನೊಳಗೆ ಕೈ ತೂರಿಸಿದಳು. ಕೈ ನೇರ ಎದೆಯ ಜಾಗಕ್ಕೇ ಹೋಯಿತು.

"ಹಾಲೂಡ್ಸೋಕೆ ಮಾಡಿರೋದು ಅಜ್ಜಿ. ಅಂಗಿ ಬಿಚ್ಚದೆ ಕೂಸಿಗೆ ಹಾಲು ಕೊಡ್ಲಿ ಅಂತ ನಿಮ್ಮ ಆ ಅಜ್ಜೀನೇ ದೊರೆಸಾನಿಗೆ ಮಾಡ್ಕೊಟ್ಟಿರಬೇಕು."

ಚಿಕ್ಕಬೀರಮ್ಮ, ಹೆಸರೂ ಗೊತ್ತಿಲ್ಲದ ಆ ಹೆಂಗಸಿನ ಕೈ ಹಿಡಿದವಳಂತೆ ಅಂಚನ್ನು ಹಿಡಿದೇ ನಿಂತಳು. ಆಮೇಲೆ ಕಣ್ಣೊರೆಸಿಕೊಂಡು, "ಕತ್ರಿ ಎತ್ತಿಡವ್ವ. ಲಂಗಕ್ಕೆ ಬ್ಯಾರೆ ಬಟ್ಟೆ ತತ್ತೀನಿ ಬುಡು," ಎಂದಳು.

ಪದ್ಮಶ್ರೀ ಮೊಬೈಲ್ ತೆಗೆದು, ಒಂದು ಫೋಟೊ ತೆಗೆದುಕೊಳ್ಳಲೇ ಎಂದು ಕೇಳಿದಳು.

"ತಕ್ಕೊ. ಒಳಗಡೇದ್ನ ತಕ್ಕೊ."