ಎಡಗಾಲಿನ ರಟ್ಟು

ಆಟ ಶುರುವಾಗಿ ಬೆವರು ಇಳಿಯುವ ಮೊದಲೇ ಉಳವಪ್ಪನ ಬಾಯಲ್ಲಿ ರಕ್ತ. ಚೆಂಡಿಗೆ ಜಿಗಿದಾಗ ರೋಹನನ ಮೊಳಕೈ ತುಟಿಗೆ ಬಿದ್ದಿತ್ತು. ಬೇಕಂತಲೇ ಬಿದ್ದಿತ್ತು.

ಖಾನಾಪುರದ ರೋಹನ ಮೊನ್ನೆಮೊನ್ನೆಯವರೆಗೂ ಉಳವಪ್ಪನ ಬೆಳಗಾವಿ ಫುಟ್‌ಬಾಲ್ ಕ್ಲಬ್ಬಿನದೇ ಸ್ಟ್ರೈಕರ್, ಅವನೊಂದಿಗೆ ಒಂದೇ ಖೋಲಿಯಲ್ಲಿ ಮಲಗಿದವನು. ಸಂಬಳ ಕೊಡಲಾಗದೆ ಮಾಲೀಕ ಪದ್ಮಾಕರ ಅವನನ್ನು ಹುಬ್ಬಳ್ಳಿ ತಂಡಕ್ಕೆ ಬಾಡಿಗೆಗೆ ಬಿಟ್ಟಿದ್ದ, ಎತ್ತು ಬಿಟ್ಟ ಹಾಗೆ. ಆ ಎತ್ತು ಇವತ್ತು ಮನೆಯವರನ್ನೇ ತಿವಿಯುತ್ತಿತ್ತು. ವರ್ಷದ ಕೊನೆಯ ಈ ಆಟ ಡ್ರಾ ಆದರೂ ಸಾಕು, ಬೆಳಗಾವಿ ಲೀಗಿನ ಮೇಲಿನ ಡಿವಿಷನ್ನಿನಲ್ಲೇ ಉಳಿಯುತ್ತದೆ. ಸೋತರೆ ಕೆಳಗಿನ ಡಿವಿಷನ್. ಎಲ್ಲರ ಕರಾರೂ ರದ್ದು. ಪಾರಿಶ್ವಾಡದಲ್ಲಿ ಶಾಲೆ ಅರ್ಧಕ್ಕೆ ಬಿಟ್ಟು ಬಂದ ಡಿಫೆಂಡರ್ ಉಳವಪ್ಪನಿಗೆ ಚೆಂಡು ತಡೆಯುವುದೊಂದು ಬಿಟ್ಟರೆ ಬೇರೆ ಕೆಲಸ ಗೊತ್ತಿಲ್ಲ.

"ಪಾರಿಶ್ವಾಡದ ಎಮ್ಮಿ ಹಂಗ ತೇಕಾಕತ್ತಿಯಲ್ಲೋ ಉಳವ್ಯಾ," ರೋಹನ ಕಿವಿಯ ಬಳಿ ನಕ್ಕ. "ಸಾವ್ಕಾರ ನಿನ್ನೂ ಬಾಡಿಗಿ ಕೊಡಾಕ ನೋಡಿದ್ನಂತ. ಯಾರೂ ಕೇಳಲಿಲ್ಲಂತ."

ಉಳವಪ್ಪ ರಕ್ತ ಉಗುಳಿದ.

ರೋಹನನಿಗೊಂದು ಚಟವಿತ್ತು. ಮುಂಗಾಲಿನ ಎಲುಬು ಕಾಯುವ ಶಿನ್ ಗಾರ್ಡ್ ಒದೆತಕ್ಕೆ ಅಡ್ಡ ಬರುತ್ತದೆಂದು ಎಡಗಾಲಿಗೆ ಹಾಕುತ್ತಿರಲಿಲ್ಲ. ರೆಫ್ರಿಗೆ ಗಾರ್ಡ್ ಇದ್ದಂತೆ ಕಾಣಲೆಂದು ಕಾಲುಚೀಲದೊಳಗೆ ರಟ್ಟಿನ ತುಂಡು ಸಿಕ್ಕಿಸಿಕೊಳ್ಳುತ್ತಿದ್ದ. ಖೋಲಿಯಲ್ಲಿ ಅದನ್ನು ಅಳತೆಗೆ ಕತ್ತರಿಸಿಕೊಡುತ್ತಿದ್ದವನು ಉಳವಪ್ಪನೇ.

ಕೊನೆಗೆ ರೋಹನ ಎಲ್ಲರನ್ನೂ ದಾಟಿ ಒಬ್ಬನೇ ಗೋಲಿನತ್ತ ನುಗ್ಗಿದ. ಉಳವಪ್ಪ ಚೆಂಡು ನೋಡಲಿಲ್ಲ. ಎರಡೂ ಕಾಲು ಮುಂದೆ ಚಾಚಿ, ಬೂಟಿನ ಮೊಳೆಗಳನ್ನು ಆ ರಟ್ಟಿನ ಮೇಲೇ ಇಳಿಸಿದ. ಕಬ್ಬು ಮುರಿದ ಸಪ್ಪಳ. ಎಲುಬು ಕಾಲುಚೀಲ ಹರಿದು ಹೊರಗೆ ಬಂತು.

ರೆಡ್ ಕಾರ್ಡ್. ಅದನ್ನೂ ಅವನು ನೋಡಲಿಲ್ಲ. ಡ್ರೆಸ್ಸಿಂಗ್ ರೂಮಿನಲ್ಲಿ ಕೂತು ಕೊನೆಯ ಸೀಟಿ ಕೇಳಿದ. ಗೋಲಿಲ್ಲದೆ ಡ್ರಾ.

ಪದ್ಮಾಕರ ಒಳಗೆ ಬಂದು ಬಾಗಿಲು ಹಾಕಿದ.

"ಉಳದ್ವೀರಿ ಸಾವ್ಕಾರ್ರ."

"ಏನ್ ಉಳದ್ವಿ? ಗೋವಾ ಕ್ಲಬ್ಬಿನವರು ಮ್ಯಾಲೆ ಗ್ಯಾಲರಿಯಾಗ ಕುಂತಿದ್ರಲೇ. ರೋಹನನ್ನ ಕೊಳ್ಳಾಕ ಬಂದಿದ್ರು. ಆ ರೊಕ್ಕದಾಗ ಮುಂದಿನ ವರ್ಷದ ಠೇವಣಿ ಕಟ್ಟಾವ ಇದ್ದೆ. ಠೇವಣಿ ಕಟ್ಟದವರನ್ನ ಲೀಗಿನವರು ತಾವ ಕೆಳಗ ದಬ್ಬತಾರ."

"ಮೊದಲ ಯಾಕ ಹೇಳಲಿಲ್ರಿ?"

"ಹೇಳಿದ್ರ ನೀ ಅವನಿಗೆ ಹಾದಿ ಬಿಟ್ಟು ನಿಲ್ಲಾವ. ಆಟ ಮಾರಿದ ಅಂತ ನನ್ನ ಜೈಲಿಗೆ ಹಾಕತಿದ್ರು."

ಉಳವಪ್ಪ ಅವನ ಕುತ್ತಿಗೆಪಟ್ಟಿ ಹಿಡಿದು ಗೋಡೆಗೆ ಅಪ್ಪಳಿಸಿದ. ಒಮ್ಮೆ, ಮತ್ತೊಮ್ಮೆ. ಚಷ್ಮಾ ಬಿದ್ದು ಬೂಟಿನಡಿ ಪುಡಿಯಾಯಿತು. ಪದ್ಮಾಕರ ಕೈ ಎತ್ತಲಿಲ್ಲ.

"ಹೊಡಿ," ಅಂದ ಮೂಗಿನಿಂದ ರಕ್ತ ಸುರಿಯುತ್ತ. "ಕಾಲು ಕೂಡತದೇನು ನೋಡು."

ಉಳವಪ್ಪ ಅವನನ್ನು ಬಿಟ್ಟು ಆಸ್ಪತ್ರೆಗೆ ಓಡಿದ.

ಆಪರೇಷನ್ ಕೋಣೆಯ ಹೊರಗೆ ರೋಹನನ ತಾಯಿ ಅಕ್ಕವ್ವ ನಿಂತಿದ್ದಳು. ಮಗನ ಆಟ ನೋಡಲು ಖಾನಾಪುರದಿಂದ ಬಂದವಳು. ಡಾಕ್ಟರು ಕೊಟ್ಟ ಕಾಲುಚೀಲ ಅವಳ ಕೈಯಲ್ಲಿತ್ತು. ಅದರೊಳಗಿಂದ ರಕ್ತದಲ್ಲಿ ನೆಂದ ರಟ್ಟು ತೆಗೆದು ಉಳವಪ್ಪನ ಮುಖಕ್ಕೆ ಹಿಡಿದಳು.

"ಅವನ ಜೋಡಿ ಒಂದ ಖೋಲ್ಯಾಗ ಇದ್ದಾವ ನೀ. ಇದು ರಟ್ಟು ಅಂತ ನಿನಗ ಗೊತ್ತಿತ್ತು."

"ಗೊತ್ತಿತ್ತ ಯವ್ವಾ."

"ಹಂಗಾರ ಇನ್ನೊಂದು ಕಾಲು ಯಾಕ ಬಿಟ್ಟಿ?"

ಅವಳು ಬಗ್ಗಿ ಚಪ್ಪಲಿ ಕಳಚಿದಳು. ಮೊದಲ ಏಟು ಒಡೆದ ತುಟಿಯ ಮೇಲೇ ಬಿತ್ತು. ಉಳವಪ್ಪ ಕೈ ಕಟ್ಟಿಕೊಂಡು ನಿಂತ. ಅಕ್ಕವ್ವನನ್ನು ಹಿಡಿಯಲು ಬಂದ ನರ್ಸನ್ನು ಅವನೇ ತಡೆದ.