ಸದ್ದಿಲ್ಲದ ಎಂಟು ಬೇರಿಂಗು

ಮೊದಲೇ ಹೇಳಿಬಿಡುತ್ತೇನೆ, ನನ್ನನ್ನು ನೋಡಿ ಯಾರೂ ಅಯ್ಯೋ ಪಾಪ ಅನ್ನುವಂತಿಲ್ಲ. ಅಂದವರಿಗೆ ನನ್ನ ಬಾಯಿಂದ ಏನು ಬರುತ್ತದೆ ಎಂಬುದು ಸಸ್ತಾಪುರ ಬಂಗ್ಲಾದ ಲಾರಿಯವರಿಗೆಲ್ಲ ಗೊತ್ತು. ನಾನು ಪಂಡರಿ. ಬಸವಕಲ್ಯಾಣದ ಹೊರಗೆ, ಹೆದ್ದಾರಿ ಕೂಡುವ, ಬಂಗ್ಲಾ ಎಂದೇ ಹೆಸರಾದ ಈ ಕೂಡುರಸ್ತೆಯಲ್ಲಿ ಲಾರಿಗಳ ತಾಡಪತ್ರಿ ಹೊಲಿಯುತ್ತೇನೆ. ನನ್ನ ಹೊಲಿಗೆಯ ಸಂದಿನಿಂದ ಒಂದು ಹನಿ ಮಳೆನೀರು ಒಳಗಿಳಿದರೆ ಮೀಸೆ ಬೋಳಿಸಿಕೊಳ್ಳುತ್ತೇನೆ ಎಂದು ಪಂಥ ಕಟ್ಟಿದವನು. ಮೀಸೆ ಇನ್ನೂ ಇದೆ.

ನಡೆಯುವುದನ್ನು ಕಲಿಯುವ ಮೊದಲೇ ಪೋಲಿಯೊ ಬಂದು ನನ್ನ ಎರಡೂ ಕಾಲು ಸೊರಗಿದವು. ತಾಡಪತ್ರಿಯ ಕೆಲಸ ಹೇಗೂ ನೆಲದ ಮೇಲಿನದು. ಅಗಲಕ್ಕೆ ಹಾಸಿ, ಅದರ ಮೇಲೇ ಕೂತು, ದಬ್ಬಣ ಹಿಡಿದು ಹೊಲಿಯುತ್ತ ಹೋಗಬೇಕು. ನಿಂತು ತಿರುಗುವವರಿಗೆ ಸೊಂಟ ಹಿಡಿಯುತ್ತದೆ, ನನಗೆ ಹಿಡಿಯುವುದಿಲ್ಲ. ಓಡಾಡಲು ನನ್ನದೇ ಒಂದು ಗಾಡಿ ಇತ್ತು. ಗಾಡಿ ಅಂದರೆ ಒಂದು ಹಲಗೆ, ಅದರ ನಾಲ್ಕು ಮೂಲೆಗೆ ಗ್ಯಾರೇಜಿನವರು ಬಿಸಾಕಿದ ಲಾರಿ ಬೇರಿಂಗು. ಗಾಲಿ ಬೇರೆ ಇಲ್ಲ, ಬೇರಿಂಗೇ ಗಾಲಿ. ಎರಡೂ ಕೈಗೆ ಹವಾಯಿ ಚಪ್ಪಲಿ ತೊಟ್ಟು ನೆಲ ತಳ್ಳಿಕೊಂಡು ಹೊರಟೆನೆಂದರೆ, ಸಿಮೆಂಟು ರಸ್ತೆಯ ಮೇಲೆ ಕಬ್ಬಿಣ ಗರಗರ ಅರಚುತ್ತಿತ್ತು. ಮಲಗಿದ ನಾಯಿ ಎದ್ದು ದಾರಿ ಬಿಡುತ್ತಿತ್ತು.

ಪ್ರತಿ ಮುಂಜಾನೆ ಆ ಗರಗರ ಕೇಶರಬಾಯಿಯ ಹೋಟೆಲಿನ ಕಡೆ ಹೋಗುತ್ತಿತ್ತು. ನಾನು ಇನ್ನೂ ಪಂಕ್ಚರ್ ಅಂಗಡಿ ದಾಟಿರುವುದಿಲ್ಲ, ಅಷ್ಟರಲ್ಲಿ ಲಾರಿ ಬಾಡಿ ಕಟ್ಟುವ ಅಮೋಘಸಿದ್ದಪ್ಪ ಕಾಲು ಮಡಚಿಕೊಂಡು ಬಾಂಕಿನ, ಅಂದರೆ ಗಿರಾಕಿಗಳು ಕೂರುವ ಉದ್ದ ಬೆಂಚಿನ ಪಕ್ಕ ಜಾಗ ಮಾಡಿರುತ್ತಿದ್ದ. ವೈರಿಂಗ್ ಕೆಲಸದ ಆರಿಫ, "ಬಂತ್ ನೋಡ್ರಿ ಸೊಲ್ಲಾಪುರ ಮೇಲು," ಎಂದು ರೈಲು ಬಂದಂತೆ ಸಾರುತ್ತಿದ್ದ. ಕೇಶರಬಾಯಿ ತಗ್ಗಿನ ಕಲ್ಲಿನ ಮೇಲೆ ನನ್ನ ಚಾ ಇಟ್ಟು, "ಕಿವಿ ತೂತು ಬಿದ್ದುವಪ್ಪಾ, ಅದಕ್ಕ ಒಂದಿಷ್ಟು ಎಣ್ಣಿ ಹಾಕಬಾರದೇನು?" ಎಂದು ಬೈಯುತ್ತಿದ್ದಳು. ಅವರು ಒಂದು ಅಂದರೆ ನಾನು ಎರಡು ಅನ್ನುತ್ತಿದ್ದೆ. ಆ ಒಂದು ಚಾ ಮುಗಿಯುವವರೆಗಿನ ಮಾತೇ ನನ್ನ ದಿನದ ಮಾತು. ಉಳಿದಂತೆ ನನಗೆ ಹೆಂಡತಿಯಿಲ್ಲ, ಮನೆಯವರು ಅಂತ ಉಳಿದವರಿಲ್ಲ. ತಗಡಿನ ಶೆಡ್ಡಿನಲ್ಲಿ ತಾಡಪತ್ರಿಗಳ ನಡುವೆ ಮಲಗುವವನು ನಾನು. ಹೋಟೆಲು ಮುಚ್ಚಿದ ದಿನ ಸಂಜೆಯ ಹೊತ್ತಿಗೆ, ಇವತ್ತು ನಾನು ಬಾಯಿ ಬಿಟ್ಟೇ ಇಲ್ಲವಲ್ಲ ಎಂದು ನೆನಪಾಗುತ್ತಿತ್ತು.

ನನ್ನ ತಲೆಯೊಳಗೆ ಒಂದು ಹುಳ ಇತ್ತು. ನಾನು ಚಾ ಕುಡಿದು ಗರಗರ ಅಂತ ವಾಪಸು ಹೋದ ಮೇಲೆ ಇವರು ನನ್ನ ಬಗ್ಗೆ ಏನು ಮಾತಾಡುತ್ತಾರೆ? ಸದ್ದು ಹತ್ತಿರ ಬಂದಾಗ ಮಾತು ಬದಲಿಸುತ್ತಾರೋ ಏನೋ. ಎದುರಿಗೆ ಮೇಲು ಅನ್ನುವವರು ಹಿಂದೆ ಏನನ್ನುತ್ತಾರೋ. ವರ್ಷಗಟ್ಟಲೆ ಆ ಹುಳ ಕೊರೆಯಿತು. ಆದರೆ ಅಂಥ ಗಾಡಿ ಇಟ್ಟುಕೊಂಡು ಕದ್ದು ಕೇಳುವುದು ಹೇಗೆ? ಗಂಟೆ ಕಟ್ಟಿಕೊಂಡ ಎತ್ತು ಕಳ್ಳಮೇವಿಗೆ ಹೋದಂತೆ ಆಗುತ್ತಿತ್ತು.

ಈ ಸಲ ಹೈದರಾಬಾದಿನಿಂದ ಬಂದ ಲಾರಿ ಡ್ರೈವರ್ ಅಮೀರ ಹಳೆ ಸಾಮಾನಿನ ಬಜಾರದಲ್ಲಿ ಸಿಕ್ಕಿತೆಂದು ಒಂದು ಸ್ಕೇಟ್‌ಬೋರ್ಡ್ ತಂದುಕೊಟ್ಟ. ಹುಡುಗರು ಮೇಲೆ ನಿಂತು ಜಾರಾಡುವ ಹಲಗೆ. "ಅವ್ರು ನಿಂತು ಆಡ್ತಾರ, ನೀ ಕುಂತು ಆಡು ಭಾಯಿ," ಎಂದ. ಹಲಗೆ ಗಟ್ಟಿ ಇತ್ತು. ನಾಲ್ಕು ಗಾಲಿ ಮೆತ್ತಗೆ ರಬ್ಬರಿನಂತೆ ಇದ್ದು ಸವೆದಿರಲಿಲ್ಲ. ಆದರೆ ಗಾಲಿಯೊಳಗಿನ ಬೇರಿಂಗು ತುಕ್ಕು ಹಿಡಿದು ಕಲ್ಲಾಗಿದ್ದವು. ಒಂದೊಂದು ಗಾಲಿಗೆ ಎರಡು, ಒಟ್ಟು ಎಂಟು. ಅಮೀರ ಸೀಮೆಎಣ್ಣೆಯಲ್ಲಿ ನೆನೆಹಾಕಿದ, ಸುತ್ತಿಗೆಯಲ್ಲಿ ಕುಟ್ಟಿದ, ಕಡೆಗೆ ಕೈಚೆಲ್ಲಿದ. "ಸತ್ತಾವ ಇವು. ನಡಿ, ಹುಮನಾಬಾದಿಗೆ ಹೊಂಟೀನಿ, ಅಜೀಮ್ ಭಾಯಿ ಅಂಗಡಿಗೆ ಬಿಡ್ತೀನಿ."

ಹುಮನಾಬಾದಿನಲ್ಲಿ ಅಜೀಮ್‌ನ ಅಂಗಡಿ ಟ್ರ್ಯಾಕ್ಟರ್ ಲಾರಿಗಳ ಬೇರಿಂಗಿನದು. ತಟ್ಟೆಯಷ್ಟು ದೊಡ್ಡವು ಗೋಡೆಯ ಮೇಲೆ ತೂಗಾಡುತ್ತವೆ. ಅವನು ನನ್ನ ಸತ್ತ ಬೇರಿಂಗನ್ನು ಅಂಗೈಯಲ್ಲಿ ಹೊರಳಿಸಿ, "ಆರ್‌ನೂರಾ ಎಂಟು ನಂಬರ್. ಡ್ರಿಲ್ ಮಷೀನಿನಾಗೂ ಇದ ಇರ್ತದ," ಎಂದು ಮೂರು ಪೊಟ್ಟಣ ತೆಗೆದಿಟ್ಟ. ಆ ಅಂಗಡಿಯಲ್ಲಿ ಒಂದು ಪದ್ಧತಿ ಇದೆ. ಗಿರಾಕಿ ಬೇರಿಂಗನ್ನು ಬೆರಳಿಗೆ ಸಿಕ್ಕಿಸಿ, ತಿರುಗಿಸಿ, ಕಿವಿಗೆ ಹಿಡಿದು ಕೇಳಿಯೇ ಒಯ್ಯಬೇಕು. ಕೇಳದೆ ಒಯ್ದವನ ಮಾಲನ್ನು ಅಜೀಮ್ ವಾಪಸು ತೆಗೆದುಕೊಳ್ಳುವುದಿಲ್ಲ.

ಮೊದಲನೆಯದು ತೆರೆದ ಬೇರಿಂಗು, ಗುಂಡುಗಳು ಹೊರಗೇ ಕಾಣುತ್ತಿದ್ದವು. ಬೆರಳಿನ ಮೇಲೆ ಒಮ್ಮೆ ತಿರುಗಿಸಿದರೆ ಅದು ನಿಲ್ಲುವ ಮಾತೇ ಇಲ್ಲ. ಎರಡನೆಯದಕ್ಕೆ ಎರಡೂ ಕಡೆ ತಗಡಿನ ಮುಚ್ಚಳ. ಚೆನ್ನಾಗಿಯೇ ತಿರುಗಿತು, ಸಣ್ಣಗೆ ಗುಂಯ್ ಅಂದಿತು. ಮೂರನೆಯದಕ್ಕೆ ರಬ್ಬರಿನ ಮುಚ್ಚಳ. ತಿರುಗಿಸಿದರೆ ಅರೆಮನಸ್ಸಿನಿಂದ ಎರಡು ಸುತ್ತು ಹೋಗಿ ನಿಂತುಬಿಟ್ಟಿತು. ಕಿವಿಗೆ ಹಿಡಿದರೆ ಏನೂ ಕೇಳಲಿಲ್ಲ.

"ಇದೇನ್ರಿ, ಸೋಮಾರಿ ಮಾಲು," ಎಂದೆ. ಒಂದು ಪೊಟ್ಟಣದ ಮೇಲೆ ದೊಡ್ಡದಾಗಿ ಒಂಬತ್ತು ಅಂತ ಅಂಕಿ ಇತ್ತು. "ಅದೇನು ಒಂಬತ್ತು? ಹೆಚ್ಚಿದ್ದಷ್ಟು ಚಲೋ ಏನು?"

ಅಜೀಮ್ ನಕ್ಕ. "ಅರೆ ಭಾಯಿ, ಅದು ಸಾವಿರಗಟ್ಟಲೆ ಸುತ್ತು ತಿರುಗೋ ಮಷೀನಿಗೆ. ನೀ ಚಾ ಕುಡಿಯಾಕ ಹೋಗಾವ. ಮತ್ತ ಬೆರಳಿನ ಮ್ಯಾಲ ಯಾವುದರೇ ತಿರುಗ್ತದ. ಮ್ಯಾಲ ಮನುಷ್ಯ ಕುಂತಾಗ ಹ್ಯಾಂಗ ತಿರುಗ್ತದ, ಅದನ್ನ ನೋಡು."

ಮಾತು ಖರೆ ಅನ್ನಿಸಿತು. ಒಂದೊಂದು ಬಗೆಯನ್ನೂ ಗಾಲಿಗೆ ಹಾಕಿಸಿ, ಅಂಗಡಿಯ ನುಣುಪು ನೆಲದ ಮೇಲೆ ಕೂತು ಬಾಗಿಲಿನಿಂದ ಒಂದೇ ತಳ್ಳು ತಳ್ಳಿದೆ. ತೆರೆದದ್ದು ಅಜೀಮ್ ಹಣ ಎಣಿಸುವ ಗಲ್ಲೆಯವರೆಗೆ ಹೋಯಿತು. ತಗಡಿನದು ಹೆಚ್ಚು ಕಡಿಮೆ ಅಲ್ಲಿಗೇ ಬಂತು. ಸೋಮಾರಿ ಅಂದೆನಲ್ಲ, ಆ ರಬ್ಬರಿನದೂ ಭಾರ ಬಿದ್ದದ್ದೇ ಗೇಣು ಹಿಂದೆ ಬಂದು ನಿಂತಿತು. ಅಷ್ಟೇ ವ್ಯತ್ಯಾಸ. ತೆರೆದದ್ದು ನಮ್ಮ ಬಂಗ್ಲಾದ ಧೂಳು ತಿಂದರೆ ವಾರದಲ್ಲಿ ಕಥೆ ಮುಗಿಯುತ್ತದೆ ಎಂದ ಅಜೀಮ್. ಉಳಿದದ್ದು ಎರಡು. ತಗಡಿನದು ಅಗ್ಗ, ಗುಂಯ್ ಅನ್ನುತ್ತದೆ. ರಬ್ಬರಿನದು ತುಟ್ಟಿ, ಉಸಿರೇ ಬಿಡುವುದಿಲ್ಲ.

"ಹತ್ತು ಕಟ್ಟೋ ಕಡೆ ಒಂದು ಮುತ್ತು ಕಟ್ಟು ಅಂತಾರ," ಎಂದ ಅಜೀಮ್. "ಸದ್ದಂದ್ರ ಬೇರಿಂಗಿನ ಕೆಮ್ಮು. ಚಲೋ ಬೇರಿಂಗು ಕೆಮ್ಮಂಗಿಲ್ಲ."

ಮುತ್ತೂ ಇಲ್ಲ, ಹವಳವೂ ಇಲ್ಲ. ತಲೆಯೊಳಗಿನ ಹುಳ ಎದ್ದು ಕೂತಿತ್ತು. ಉಸಿರು ಬಿಡದ ಗಾಡಿ ಸಿಕ್ಕರೆ ಒಂದು ದಿನ ಅವರಿಗೆ ಗೊತ್ತಾಗದ ಹಾಗೆ ಹೋಗಿ ಕೇಳಬಹುದಲ್ಲ! ರಬ್ಬರಿನವೇ ಎಂಟು ಹಾಕಿಸಿಕೊಂಡು ಬಂದೆ.

ಮರುದಿನ ಮುಂಜಾನೆ ಹೊರಟೆ. ಅಬ್ಬಾ, ಎಂಥ ಸುಖ! ಒಂದು ತಳ್ಳಿಗೆ ಗಾಡಿ ಎಣ್ಣೆಯ ಮೇಲೆ ಜಾರಿದಂತೆ ಹೋಯಿತು. ತೋಳಿಗೆ ನೋವಿಲ್ಲ, ಬೆನ್ನಿಗೆ ಕುಲುಕಾಟವಿಲ್ಲ. ಮಲಗಿದ ನಾಯಿ ಮಲಗಿಯೇ ಇತ್ತು, ನಾನೇ ಸುತ್ತು ಹಾಕಿ ಹೋದೆ. ಹೋಟೆಲಿನ ಬಾಗಿಲ ಪಕ್ಕದಲ್ಲಿ ನೀರಿನ ಡ್ರಮ್ಮು ಇದೆ. ಅದರ ಮರೆಗೆ ಗಾಡಿ ನಿಲ್ಲಿಸಿದೆ. ಮರೆಯಾದರೂ ಏನು, ಒಬ್ಬರು ಸುಮ್ಮನೆ ತಲೆ ತಗ್ಗಿಸಿದ್ದರೆ ಕಾಣುತ್ತಿದ್ದೆ.

ಒಳಗೆ ಎಲ್ಲರೂ ಇದ್ದರು. ಅಮೋಘಸಿದ್ದಪ್ಪ ಸೋಯಾ ದರದ ಮಾತಾಡಿದ. ಆರಿಫ ತನ್ನ ಭಾವನ ಮದುವೆಯ ಬಿರಿಯಾನಿಯಲ್ಲಿ ಉಪ್ಪು ಹೆಚ್ಚಾದದ್ದನ್ನು ಹೇಳಿ ನಗಿಸಿದ. ಟೋಲ್, ಡೀಸೆಲ್, ಘಾಟಬೋರಾಳದ ಕಡೆ ಕೆಟ್ಟು ನಿಂತ ಯಾರದೋ ಲಾರಿ. ನಾನು ಕಿವಿ ನೆಟ್ಟಗೆ ಮಾಡಿಕೊಂಡು ಕಾದೆ. ಈಗ ನನ್ನ ಹೆಸರು ಬರುತ್ತದೆ, ಈಗ ಬರುತ್ತದೆ. ನಾನು ಬರುವ ಹೊತ್ತು ಆಯಿತು. ದಾಟಿಯೂ ಹೋಯಿತು. ಪಂಡರಿ ಯಾಕೆ ಬರಲಿಲ್ಲ ಎಂದು ಒಬ್ಬನೂ ಕೇಳಲಿಲ್ಲ. ತಗ್ಗಿನ ಕಲ್ಲಿನ ಮೇಲೆ ಚಾ ಇರಲಿಲ್ಲ, ಅಮೋಘಸಿದ್ದಪ್ಪನ ಕಾಲುಗಳು ಇದ್ದವು. ಆರಾಮಾಗಿ ಚಾಚಿಕೊಂಡಿದ್ದ.

ಬೈದಿದ್ದರೂ ಸಾಕಿತ್ತು ನೋಡಿ. ಕುಂಟ ಅನ್ನಲಿ, ಬಾಯಿಬಡುಕ ಅನ್ನಲಿ, ಅವನಿಗೆ ಮೂಗಿನ ತುದಿಯಲ್ಲೇ ಸಿಟ್ಟು ಅನ್ನಲಿ. ಅಷ್ಟು ವರ್ಷ ಹೆದರಿದ್ದು ಅದಕ್ಕೇ ಅಲ್ಲವೇ? ಅವರು ಏನೂ ಅನ್ನಲಿಲ್ಲ. ನಾನು ಇಲ್ಲದಿದ್ದಾಗ ನಾನು ಅವರಿಗೆ ಇರಲೇ ಇಲ್ಲ. ಒಬ್ಬೊಬ್ಬರೇ ಎದ್ದು ಡ್ರಮ್ಮಿನ ಪಕ್ಕದಿಂದಲೇ ಕೆಲಸಕ್ಕೆ ಹೋದರು. ಆರಿಫನ ಪ್ಯಾಂಟಿನ ಅಂಚು ನನ್ನ ಭುಜಕ್ಕೆ ತಾಗಿತು, ಅವನು ಫೋನಿನಲ್ಲಿ ಮಾತಾಡುತ್ತ ಮುಂದೆ ನಡೆದ. ನಾನು ಬಂದ ಹಾಗೆಯೇ ಸದ್ದಿಲ್ಲದೆ ವಾಪಸು ಹೋದೆ. ಶೆಡ್ಡಿಗೆ ಹೋಗಿ ಅತ್ತೆ. ಹೇಳಲು ನಾಚಿಕೆಯೇನಿಲ್ಲ.

ಮಧ್ಯಾಹ್ನ ಕೇಶರಬಾಯಿ ತನ್ನ ಹೋಟೆಲಿನ ಹರಿದ ತಾಡಪತ್ರಿ ಹೊತ್ತುಕೊಂಡು ಬಂದಳು. ಅದನ್ನು ನನ್ನ ಮುಂದೆ ಹಾಕಿ, "ಮುಂಜಾನಿ ಎಲ್ಲಿ ಸತ್ತಿದ್ದಿ?" ಎಂದಳು.

"ಬಂದಿದ್ದೆ."

"ಸುಳ್ಳ ಹೇಳಬ್ಯಾಡ. ಗಾಡಿ ಸದ್ದ ಕೇಳಲಿಲ್ಲ."

"ಹೊಸ ಗಾಡಿ ಸದ್ದ ಮಾಡಂಗಿಲ್ಲ. ಡ್ರಮ್ಮಿನ ಬಾಜೂಕ ಕುಂತಿದ್ದೆ. ಎಲ್ಲಾರ ಮಾತೂ ಕೇಳಿದೆ. ನಿಮ್ಮೊಳಗ ಒಬ್ಬರೂ ನನ್ನ ಹೆಸರ ಎತ್ತಲಿಲ್ಲಲ್ಲ ಅಕ್ಕಾ."

ಅವಳು ನನ್ನನ್ನು ವಿಚಿತ್ರವಾಗಿ ನೋಡಿದಳು. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು ಹಾಸಿದ ತಾಡಪತ್ರಿಯ ಅಂಚಿಗೆ ಕೂತಳು. "ಯಾಕ ಎತ್ತಬೇಕು? ಹೋಟೆಲಿನಾಗ ಬಂದವರ ಕೂಡ ಮಾತಾಡ್ತಾರ. ಬರದವರ ಮಾತು ಯಾರಾಡ್ತಾರ? ಆ ಬಾಂಕು ಮಾಡಿಸಿದಾವ ನನ್ನ ಗಂಡ. ಅಂವ ಹೋದ ಮ್ಯಾಲ ಒಬ್ಬರರೆ ಅವನ ಹೆಸರ ಎತ್ತ್ಯಾರೇನು? ಅದರ ಮ್ಯಾಲೇ ಕೂಡ್ತಾರ, ಎದ್ದು ಹೋಗ್ತಾರ." ಹರಿದ ತಾಡಪತ್ರಿಯನ್ನು ನನ್ನ ಕಡೆ ಸರಿಸಿ, "ಬಂದಿದ್ರ ಕೂಗಬೇಕಿಲ್ಲೇನು?" ಎಂದಳು.

"ನಾ ಕೂಗಂಗಿಲ್ಲ."

"ಯಾಕ? ಬಾಯಿ ಇಲ್ಲೇನು? ಊರಿಗೆಲ್ಲ ಆಗೂ ಅಷ್ಟು ಬಾಯಿ ಅದ."

"ಮಾತಾಡಿಸಿದ್ರ ಮಾತಾಡ್ತೀನಿ. ಮೊದಲ ನಾ ಕೂಗಂಗಿಲ್ಲ. ನೆಲದ ಮ್ಯಾಲ ಕುಂತಾವ ಕೂಗಿದ್ರ ಮಂದಿ ಚಿಲ್ಲರಿ ಹುಡುಕಾಕ ಕಿಸೇಕ ಕೈ ಹಾಕ್ತಾರ, ಗೊತ್ತದ ಏನು ನಿನಗ?"

ಅವಳು "ಹಂಗಾರ ನಾಳಿ ಹಳೆ ಗಾಡಿ ತಗೊಂಡ ಬಾ," ಎಂದು ಎದ್ದು ಹೋದಳು.

ಮರುದಿನ ಎರಡೂ ಗಾಡಿ ಎದುರಿಗಿಟ್ಟುಕೊಂಡು ಕೂತೆ. ಹಳೆಯದನ್ನು ಒಯ್ದರೆ ಜಾಗ ಸಿಗುತ್ತದೆ, ಚಾ ಸಿಗುತ್ತದೆ, ಮೇಲು ಬಂತು ಅನ್ನಿಸಿಕೊಳ್ಳಬಹುದು. ಅದೆಲ್ಲ ಕಬ್ಬಿಣಕ್ಕೆ ಸಿಕ್ಕ ಮರ್ಯಾದೆ ಎಂದು ಈಗ ತಿಳಿದಿದೆ. ತಿಳಿದ ಮೇಲೆ ಆ ಚಾ ಕುಡಿಯುವುದು ಹೇಗೆ? ಮಾತು ಬೆಳ್ಳಿ, ಮೌನ ಬಂಗಾರ ಅಂತ ಗಾದೆ ಕಟ್ಟಿದವನನ್ನು ತಂದು ಒಂದು ದಿನ ಈ ಹಲಗೆಯ ಮೇಲೆ ಕೂರಿಸಬೇಕು. ಸಿಟ್ಟು ಬಂತು. ಅವರ ಮೇಲೋ ನನ್ನ ಮೇಲೋ ಗೊತ್ತಾಗಲಿಲ್ಲ. ಹೊಸ ಗಾಡಿಯನ್ನೇ ಹತ್ತಿದೆ.

ಹೋಟೆಲಿನ ಮುಂದೆ ಡ್ರಮ್ಮಿನ ಮರೆಗೆ ಹೋಗಲಿಲ್ಲ. ನೇರ ಬಾಗಿಲಿನ ನಡುವೆ ಹೋಗಿ ಗಾಡಿ ನಿಲ್ಲಿಸಿದೆ. ಅಮೋಘಸಿದ್ದಪ್ಪ, ಆರಿಫ, ಪರವೂರಿನ ಇಬ್ಬರು ಡ್ರೈವರುಗಳು ಚಾ ಕುಡಿಯುತ್ತಿದ್ದರು. ಕೇಶರಬಾಯಿ ಹಾಲು ತರಲು ಹಿತ್ತಲಿಗೆ ಹೋಗಿದ್ದಳು. ದಬ್ಬಣ ಚುಚ್ಚಿಕೊಂಡಾಗಲೂ ಹೀಗೆ ಎದೆ ಹೊಡೆದುಕೊಂಡದ್ದಿಲ್ಲ.

"ಚಾ ಕೊಡ್ರಿ," ಎಂದು ಕೂಗಿದೆ.

ಎಲ್ಲರೂ ಬಾಗಿಲಿನ ಕಡೆ ತಿರುಗಿದರು. ಆದರೆ ನೋಡಿದ್ದು ನಿಂತ ಮನುಷ್ಯನ ಮುಖ ಇರುವ ಎತ್ತರಕ್ಕೆ. ಅಲ್ಲಿ ಯಾರೂ ಇರಲಿಲ್ಲ. "ಯಾರೋ ಕರದಂಗಾತು," ಎಂದು ಆರಿಫ ಮತ್ತೆ ತನ್ನ ಕಪ್ಪಿನ ಕಡೆ ತಿರುಗಿದ.

ಕೈ ತಾನಾಗಿಯೇ ನೆಲ ಮುಟ್ಟಿತು. ಈ ಬೇರಿಂಗಿಗೆ ಒಂದು ತಳ್ಳು ಸಾಕು, ಯಾರಿಗೂ ಗೊತ್ತಾಗದ ಹಾಗೆ ಹೋಗಿಬಿಡಬಹುದಿತ್ತು. ನಾನು ಎರಡೂ ಕೈಯ ಚಪ್ಪಲಿ ಕಳಚಿ ಬದಿಗಿಟ್ಟೆ.

"ಕೆಳಗ ನೋಡ್ರೋ," ಎಂದು ಕೂಗಿದೆ. "ನಾ ಬಂದೀನಿ."